ವಾಯು ಸಂಚಾರ ನಿಯಂತ್ರಕ

ವಾಯು ಸಂಚಾರ ನಿಯಂತ್ರಕ ಎಂದರೆ ವಿಮಾನಗಳು ಒಂದಕ್ಕೊಂದು ಡಿಕ್ಕಿಯಾಗದಂತೆ, ನೆಲದ ಮೇಲೆಯೂ ಆಕಾಶದಲ್ಲಿಯೂ ಸುರಕ್ಷಿತ ಅಂತರವನ್ನು ಕಾಯ್ದುಕೊಂಡು ಕ್ರಮಬದ್ಧವಾಗಿ ಚಲಿಸುವಂತೆ ನಿರ್ದೇಶನ ನೀಡುವ ಪರವಾನಗಿ ಹೊಂದಿದ ಅಧಿಕಾರಿ. ಈ ವ್ಯವಸ್ಥೆಯನ್ನು ವಾಡಿಕೆಯಲ್ಲಿ ಎಟಿಸಿ ಎಂದು ಕರೆಯುತ್ತಾರೆ. ಭಾರತದಲ್ಲಿ ನಾಗರಿಕ ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಲ್ಲಿ ಬಹುಪಾಲು ಮಂದಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ನೌಕರರು. ಈ ವೃತ್ತಿಗೆ ಪದವಿ ಮತ್ತು ಪ್ರವೇಶ ಪರೀಕ್ಷೆಗಳು ಬಾಗಿಲು ಮಾತ್ರ. ವಿಮಾನಕ್ಕೆ ಸ್ವತಂತ್ರವಾಗಿ ನಿರ್ದೇಶನ ನೀಡುವ ಅಧಿಕಾರವು ನಿರ್ದಿಷ್ಟ ನಿಲ್ದಾಣದ ನಿರ್ದಿಷ್ಟ ಘಟಕಕ್ಕೆಂದು ದೊರೆಯುವ ರೇಟಿಂಗ್‌ನಿಂದ ಬರುತ್ತದೆ. ಆ ಸ್ಥಳವನ್ನು ಬಿಟ್ಟು ಬೇರೆಡೆಗೆ ಹೋದ ನಿಯಂತ್ರಕ, ಎಷ್ಟೇ ಅನುಭವಿಯಾಗಿದ್ದರೂ, ಅಲ್ಲಿ ಮತ್ತೆ ಕಲಿತು ಪರೀಕ್ಷೆ ಕೊಡಬೇಕಾಗುತ್ತದೆ.

ಕೆಲಸದ ಸ್ವರೂಪ

ನಿಯಂತ್ರಣ ಗೋಪುರದ ಗಾಜಿನ ಕೋಣೆಯಲ್ಲಿ ಕುಳಿತವರು ಮಾತ್ರವೇ ನಿಯಂತ್ರಕರು ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಗೋಪುರದವರ ವ್ಯಾಪ್ತಿ ರನ್‌ವೇ ಮತ್ತು ಅದರ ಸಮೀಪದ ಆಕಾಶಕ್ಕೆ ಸೀಮಿತ. ದೊಡ್ಡ ನಿಲ್ದಾಣಗಳಲ್ಲಿ ಅಲ್ಲಿಯೂ ಕೆಲಸ ಹಂಚಿಕೆಯಾಗಿರುತ್ತದೆ: ವಿಮಾನ ನಿಲುಗಡೆಯ ಸ್ಥಳದಿಂದ ರನ್‌ವೇಯ ಅಂಚಿಗೆ ಬರುವವರೆಗೆ ಒಬ್ಬರು, ಮೇಲೇರಲು ಮತ್ತು ಇಳಿಯಲು ಅನುಮತಿ ನೀಡುವವರು ಇನ್ನೊಬ್ಬರು. ಮೇಲೇರಿದ ವಿಮಾನವನ್ನು ಕೆಲವೇ ಕ್ಷಣಗಳಲ್ಲಿ ಅಪ್ರೋಚ್ ಘಟಕಕ್ಕೆ ಒಪ್ಪಿಸಲಾಗುತ್ತದೆ. ನಿಲ್ದಾಣದ ಸುತ್ತ ಏರುವ ಮತ್ತು ಇಳಿಯುವ ವಿಮಾನಗಳನ್ನು ಸಾಲುಗೊಳಿಸುವುದು ಈ ಘಟಕದ ಕೆಲಸ. ಅದರಾಚೆಯ ದೀರ್ಘ ಪಯಣವನ್ನು ಏರಿಯಾ ನಿಯಂತ್ರಣ ಕೇಂದ್ರಗಳು ನೋಡಿಕೊಳ್ಳುತ್ತವೆ. ಅಲ್ಲಿನ ನಿಯಂತ್ರಕರಿಗೆ ವಿಮಾನ ಕಣ್ಣಿಗೆ ಬೀಳುವುದೇ ಇಲ್ಲ. ಪರದೆಯ ಮೇಲಿನ ಗುರುತು, ಅದರ ಪಕ್ಕದ ಅಂಕಿಗಳು ಮತ್ತು ಕಿವಿಯಲ್ಲಿ ಕೇಳುವ ಪೈಲಟ್‌ನ ಧ್ವನಿ ಇಷ್ಟೇ ಅವರ ಪಾಲಿನ ವಿಮಾನ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಪ್ರಯಾಣಿಕ ಒಂದು ನಿದ್ದೆ ಮುಗಿಸುವಷ್ಟರಲ್ಲಿ ಆತನ ವಿಮಾನ ಅನೇಕ ನಿಯಂತ್ರಕರ ಕೈ ದಾಟಿರುತ್ತದೆ.

ನಿಯಂತ್ರಕನ ಮೂಲಭೂತ ಕರ್ತವ್ಯ ಅಂತರ ಕಾಯುವುದು. 29,000 ಅಡಿಗಿಂತ ಕೆಳಗೆ ಎರಡು ವಿಮಾನಗಳ ನಡುವೆ ಲಂಬವಾಗಿ 1,000 ಅಡಿ ಇರಬೇಕು. ಅದಕ್ಕಿಂತ ಮೇಲೆ ಹಿಂದೆ 2,000 ಅಡಿ ಬೇಕಾಗಿತ್ತು. ಎತ್ತರ ಅಳೆಯುವ ಉಪಕರಣಗಳು ಸುಧಾರಿಸಿದ ಬಳಿಕ, ಭಾರತದಲ್ಲಿ 2003ರ ನವೆಂಬರ್‌ನಿಂದ, 29,000ದಿಂದ 41,000 ಅಡಿಗಳವರೆಗೂ 1,000 ಅಡಿಯ ಅಂತರವೇ ಸಾಕೆಂದು ನಿಗದಿಯಾಯಿತು. ಲಂಬ ಅಂತರ ಇಲ್ಲದಿದ್ದಾಗ ಅಡ್ಡ ಅಂತರ ಬೇಕು. ರೇಡಾರ್ ಇರುವಲ್ಲಿ ಅದು ಸಾಮಾನ್ಯವಾಗಿ 5 ನಾಟಿಕಲ್ ಮೈಲಿ; ನಿಲ್ದಾಣದ ಸಮೀಪದಲ್ಲಿ, ಉಪಕರಣಗಳು ಅನುಮತಿಸಿದರೆ, 3 ನಾಟಿಕಲ್ ಮೈಲಿ. ರೇಡಾರ್ ಇಲ್ಲದಿದ್ದರೆ ಅಥವಾ ಕೆಟ್ಟಿದ್ದರೆ ಪೈಲಟ್‌ಗಳು ಹೇಳುವ ಸ್ಥಾನ, ಎತ್ತರ ಮತ್ತು ಸಮಯಗಳನ್ನು ಆಧರಿಸಿ ಲೆಕ್ಕ ಹಾಕಿ ಅಂತರ ಕಾಯಬೇಕು. ಇದಕ್ಕೆ ಪ್ರೊಸೀಜರಲ್ ನಿಯಂತ್ರಣ ಎಂದು ಹೆಸರು. ಈ ವಿಧಾನದಲ್ಲಿ ಅಂತರಗಳು ಬಹಳ ದೊಡ್ಡವು, ಸಂಚಾರ ನಿಧಾನ. ನಿಯಂತ್ರಕನ ತಲೆಯಲ್ಲಿಯೇ ಆಕಾಶದ ಚಿತ್ರ ಮೂಡಿರಬೇಕು.

ಹಿನ್ನೆಲೆ

ಲಂಡನ್ನಿನ ಕ್ರಾಯ್ಡನ್ ನಿಲ್ದಾಣದಲ್ಲಿ 1920ರ ದಶಕದಲ್ಲಿ ನಿಯಂತ್ರಣ ಗೋಪುರ ಬಳಕೆಗೆ ಬಂದಿತು. ಅಮೆರಿಕದ ಸೇಂಟ್ ಲೂಯಿಯಲ್ಲಿ 1929ರ ಸುಮಾರಿಗೆ ಆರ್ಚೀ ಲೀಗ್ ಎಂಬಾತ ಕೈಗಾಡಿಯಲ್ಲಿ ಕುರ್ಚಿ, ಛತ್ರಿಗಳನ್ನು ಹೇರಿಕೊಂಡು ಬಂದು ಬಾವುಟ ಬೀಸಿ ವಿಮಾನಗಳಿಗೆ ಸಂಕೇತ ನೀಡುತ್ತಿದ್ದ. ಭಾರತದಲ್ಲಿ ಅಂತರರಾಷ್ಟ್ರೀಯ ಮತ್ತು ದೇಶೀಯ ನಿಲ್ದಾಣಗಳಿಗೆ ಪ್ರತ್ಯೇಕವಾಗಿದ್ದ ಎರಡು ಪ್ರಾಧಿಕಾರಗಳನ್ನು ವಿಲೀನಗೊಳಿಸಿ 1995ರ ಏಪ್ರಿಲ್ 1ರಂದು ಈಗಿನ ಪ್ರಾಧಿಕಾರವನ್ನು ಸ್ಥಾಪಿಸಲಾಯಿತು. ಇಂದು ಬೆಂಗಳೂರು, ಮಂಗಳೂರು, ದೆಹಲಿ, ಮುಂಬಯಿಗಳಂತಹ ನಿಲ್ದಾಣಗಳ ಆಡಳಿತ ಖಾಸಗಿ ಸಂಸ್ಥೆಗಳ ಕೈಯಲ್ಲಿದ್ದರೂ ಅಲ್ಲಿನ ವಾಯು ಸಂಚಾರ ನಿಯಂತ್ರಣ ಪ್ರಾಧಿಕಾರದಲ್ಲಿಯೇ ಉಳಿದಿದೆ. ಆದುದರಿಂದ ಖಾಸಗಿ ನಿಲ್ದಾಣಕ್ಕೆ ಅರ್ಜಿ ಹಾಕಿ ನಿಯಂತ್ರಕನಾಗಲು ಬರುವುದಿಲ್ಲ.

ಅರ್ಹತೆ ಮತ್ತು ಆಯ್ಕೆ

ಪ್ರಾಧಿಕಾರದಲ್ಲಿ ಪ್ರವೇಶದ ಹುದ್ದೆಯ ಹೆಸರು ಜೂನಿಯರ್ ಎಕ್ಸಿಕ್ಯುಟಿವ್. ಭೌತಶಾಸ್ತ್ರ ಮತ್ತು ಗಣಿತ ಎರಡನ್ನೂ ಓದಿದ ಮೂರು ವರ್ಷಗಳ ಪೂರ್ಣಾವಧಿ ಬಿ.ಎಸ್‌ಸಿ. ಪದವಿ, ಅಥವಾ ಯಾವುದಾದರೂ ಒಂದು ಸೆಮಿಸ್ಟರ್‌ನಲ್ಲಿ ಈ ಎರಡೂ ವಿಷಯಗಳಿದ್ದ ಯಾವುದೇ ಶಾಖೆಯ ಎಂಜಿನಿಯರಿಂಗ್ ಪದವಿ ಬೇಕು. ಕಲೆ ಮತ್ತು ವಾಣಿಜ್ಯ ಪದವೀಧರರು, ಡಿಪ್ಲೊಮಾ ಮಾತ್ರ ಮುಗಿಸಿದವರು ಅರ್ಹರಲ್ಲ. ಹೀಗಾಗಿ ಈ ವೃತ್ತಿಯ ಆಯ್ಕೆ ಹತ್ತನೆಯ ತರಗತಿಯ ನಂತರ ಪಿಯುಸಿಯಲ್ಲಿ ಯಾವ ವಿಭಾಗ ಹಿಡಿಯುವುದೆಂಬ ತೀರ್ಮಾನದಲ್ಲಿಯೇ ಬಹುಮಟ್ಟಿಗೆ ಆಗಿಹೋಗುತ್ತದೆ. ಪದವಿ ಮುಗಿದ ಮೇಲೆ ಇದು ತಿಳಿದು ನಿರಾಶರಾಗುವವರು ಕಡಿಮೆಯೇನಿಲ್ಲ. ಹನ್ನೆರಡನೆಯ ತರಗತಿಯ ಮಟ್ಟದ ಇಂಗ್ಲಿಷ್ ಮಾತು ಮತ್ತು ಬರಹಗಳೂ ಬರಬೇಕು. ವಯೋಮಿತಿ 27 ವರ್ಷ; ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮೀಸಲಾದ ಹುದ್ದೆಗಳಲ್ಲಿ 5 ವರ್ಷ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಕೆಯಿದೆ.

ಪ್ರಾಧಿಕಾರವು 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಅರ್ಜಿ ಆಹ್ವಾನಿಸಿತು. ಅಧಿಸೂಚನೆ ಇಂತಹ ತಿಂಗಳಲ್ಲಿಯೇ ಬರುತ್ತದೆ ಎಂಬ ಖಾತರಿ ಇಲ್ಲ. ಇಪ್ಪತ್ತೊಂದು ಇಪ್ಪತ್ತೆರಡರಲ್ಲಿ ಪದವಿ ಮುಗಿಸಿದ ಸಾಮಾನ್ಯ ವರ್ಗದ ಅಭ್ಯರ್ಥಿಗೆ ವಯೋಮಿತಿ ಮೀರುವ ಮುನ್ನ ದೊರೆಯುವ ಅವಕಾಶಗಳು ಬೆರಳೆಣಿಕೆಯಷ್ಟು. ಇದೊಂದನ್ನೇ ನೆಚ್ಚಿಕೊಂಡು ವರ್ಷಗಟ್ಟಲೆ ಕಾಯುವುದು ಅಪಾಯಕರವೆಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ.

ಪರೀಕ್ಷೆ ಕಂಪ್ಯೂಟರ್ ಮೂಲಕ ನಡೆಯುತ್ತದೆ. ಈಚಿನ ನೇಮಕಾತಿಗಳಲ್ಲಿ 120 ನಿಮಿಷಗಳಲ್ಲಿ 120 ಪ್ರಶ್ನೆಗಳಿಗೆ ಉತ್ತರಿಸಬೇಕಾಗಿದ್ದು, ಅರ್ಧದಷ್ಟು ಗಣಿತ ಮತ್ತು ಭೌತಶಾಸ್ತ್ರಕ್ಕೆ, ಉಳಿದವು ಇಂಗ್ಲಿಷ್, ತರ್ಕ, ಅಂಕಗಣಿತ ಮತ್ತು ಸಾಮಾನ್ಯ ಜ್ಞಾನಕ್ಕೆ ಸೇರಿದ್ದವು. ತಪ್ಪು ಉತ್ತರಕ್ಕೆ ಅಂಕ ಕಡಿತವಿರಲಿಲ್ಲ. ಇದರಲ್ಲಿ ತೇರ್ಗಡೆಯಾದವರಿಗೆ ದಾಖಲೆಗಳ ಪರಿಶೀಲನೆ, ಧ್ವನಿ ಪರೀಕ್ಷೆ, ಮಾದಕ ವಸ್ತುಗಳ ಸೇವನೆಯ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ ಮತ್ತು ವೈದ್ಯಕೀಯ ಪರೀಕ್ಷೆಗಳಿರುತ್ತವೆ. ಧ್ವನಿ ಪರೀಕ್ಷೆಯಲ್ಲಿ ನೋಡುವುದು ಕಂಠದ ಇಂಪನ್ನಲ್ಲ, ಉಚ್ಚಾರದ ಸ್ಪಷ್ಟತೆಯನ್ನು. ತೊದಲುವಿಕೆ ಇದ್ದರೆ ತೊಡಕಾಗುತ್ತದೆ. ಕನ್ನಡಕ ಧರಿಸುವವರು ಈ ವೃತ್ತಿಗೆ ಬರಲಾರರು ಎಂಬ ನಂಬಿಕೆ ಸರಿಯಲ್ಲ. ಕನ್ನಡಕದಿಂದ ದೃಷ್ಟಿ ನಿಗದಿತ ಮಟ್ಟಕ್ಕೆ ಬಂದರೆ ಸಾಕು. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿ ಅವಶ್ಯ. ದೀಪಗಳೂ ಪರದೆಯ ಮೇಲಿನ ಎಚ್ಚರಿಕೆಗಳೂ ಬಣ್ಣದಲ್ಲಿಯೇ ಅರ್ಥ ಹೇಳುತ್ತವೆ.

ವಾಯು ಸಂಚಾರ ನಿಯಂತ್ರಣದ ಕೋರ್ಸ್ ಎಂದು ಖಾಸಗಿಯಾಗಿ ಹಣ ಪಡೆದು ನೀಡುವ ಪ್ರಮಾಣಪತ್ರಗಳಿಂದ ಪ್ರಾಧಿಕಾರದಲ್ಲಿ ನೇರ ಪ್ರವೇಶ ದೊರೆಯುವುದಿಲ್ಲ. ಅರ್ಜಿಯಲ್ಲಿ ಕೇಳುವುದು ಮೇಲೆ ಹೇಳಿದ ಪದವಿಗಳನ್ನು ಮಾತ್ರ. ವೃತ್ತಿಯ ತರಬೇತಿಯನ್ನು ಆಯ್ಕೆಯಾದ ಮೇಲೆ ಪ್ರಾಧಿಕಾರವೇ ಕೊಡುತ್ತದೆ. ಸೇರುವಾಗ, ನಿಗದಿತ ಅವಧಿಯವರೆಗೆ ಸೇವೆ ಸಲ್ಲಿಸುವುದಾಗಿ, ತಪ್ಪಿದರೆ ದೊಡ್ಡ ಮೊತ್ತವನ್ನು ಕಟ್ಟುವುದಾಗಿ ಬಾಂಡ್ ಬರೆದುಕೊಡಬೇಕು. ತರಬೇತಿಯ ನಡುವೆ ಬ್ಯಾಂಕ್ ಅಥವಾ ಬೇರೆ ಕೇಂದ್ರ ಸರ್ಕಾರಿ ಹುದ್ದೆ ಸಿಕ್ಕಿತೆಂದು ಹೊರಡುವವರು ಈ ಷರತ್ತನ್ನು ಮೊದಲೇ ಓದಿರಬೇಕು.

ತರಬೇತಿ

ಪ್ರಯಾಗರಾಜದ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜು ಭಾರತೀಯ ನಿಯಂತ್ರಕರ ತವರು. ಹೈದರಾಬಾದ್ ಮತ್ತು ಮಹಾರಾಷ್ಟ್ರದ ಗೊಂದಿಯಾಗಳಲ್ಲಿಯೂ ಪ್ರಾಧಿಕಾರದ ತರಬೇತಿ ಕೇಂದ್ರಗಳಿವೆ. ಇಲ್ಲಿ ಹಲವು ತಿಂಗಳ ಕಾಲ ವಾಯು ಸಂಚಾರದ ನಿಯಮಗಳು, ಹವಾಮಾನಶಾಸ್ತ್ರ, ದಿಕ್ಸೂಚನೆ, ವಿಮಾನಗಳ ಸಾಮರ್ಥ್ಯ, ಸಂಪರ್ಕ ಉಪಕರಣಗಳು, ಶೋಧ ಮತ್ತು ರಕ್ಷಣಾ ಕಾರ್ಯ ಮುಂತಾದುವನ್ನು ಕಲಿಸುತ್ತಾರೆ. ಬೆಳಗಿನ ಪಾಠಕ್ಕಿಂತ ಸಿಮ್ಯುಲೇಟರ್ ಕೋಣೆಯ ಅಭ್ಯಾಸವೇ ಪ್ರಶಿಕ್ಷಣಾರ್ಥಿಗಳನ್ನು ಹೆಚ್ಚು ಪರೀಕ್ಷಿಸುತ್ತದೆ. ಮೊದಲು ಎರಡು ಮೂರು ಕಾಲ್ಪನಿಕ ವಿಮಾನಗಳು. ಬಳಿಕ ಸಂಖ್ಯೆ ಏರುತ್ತದೆ. ನಡುವೆ ಒಂದರ ಎಂಜಿನ್ ಕೆಡುತ್ತದೆ, ಇನ್ನೊಂದರ ರೇಡಿಯೊ ಸ್ತಬ್ಧವಾಗುತ್ತದೆ, ರನ್‌ವೇ ಮುಚ್ಚುತ್ತದೆ. ಕಾಗದದ ಮೇಲೆ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದವರು ಇಲ್ಲಿ ತಡವರಿಸುವುದುಂಟು. ಒಂದು ವಿಮಾನದೊಡನೆ ಮಾತಾಡುತ್ತಲೇ ಇನ್ನೊಂದರ ಎತ್ತರ ಗಮನಿಸಿ, ಮೂರನೆಯದಕ್ಕೆ ಮುಂದೆ ಏನು ಹೇಳಬೇಕೆಂದು ತೀರ್ಮಾನಿಸುವ ಗುಣ ಓದಿನಿಂದ ಬರುವುದಿಲ್ಲ. ಮತ್ತೆ ಮತ್ತೆ ಮಾಡುವುದರಿಂದ ಬರುತ್ತದೆ.

ಕಾಲೇಜು ಮುಗಿಸಿದವರು ನಿಯಂತ್ರಕರಾಗಿಬಿಡುವುದಿಲ್ಲ. ಅವರನ್ನು ದೇಶದ ಯಾವುದಾದರೂ ನಿಲ್ದಾಣಕ್ಕೆ ನೇಮಿಸಲಾಗುತ್ತದೆ. ಅಲ್ಲಿ ರೇಟಿಂಗ್ ಹೊಂದಿದ ಹಿರಿಯರ ಪಕ್ಕದಲ್ಲಿ ಕುಳಿತು, ನಿಜವಾದ ವಿಮಾನಗಳೊಡನೆ, ನಿಗದಿತ ಗಂಟೆಗಳ ಅಭ್ಯಾಸ ಮಾಡಬೇಕು. ಕಲಿಯುವವನ ತಪ್ಪಿಗೆ ಹೊಣೆ ಪಕ್ಕದಲ್ಲಿ ಕುಳಿತ ಹಿರಿಯನದು. ಆತ ಯಾವ ಕ್ಷಣದಲ್ಲಿಯೂ ಮೈಕನ್ನು ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಆ ನಿಲ್ದಾಣದ ಸುತ್ತಲಿನ ಗುಡ್ಡ ಮತ್ತು ಗೋಪುರಗಳ ಎತ್ತರ, ಟ್ಯಾಕ್ಸಿವೇಗಳ ಹೆಸರು, ನೆರೆಯ ಘಟಕಗಳೊಡನೆ ಇರುವ ಒಪ್ಪಂದಗಳು, ಮಳೆಗಾಲದ ಗಾಳಿಯ ಚಾಳಿ, ವಾಯುಪಡೆಯ ಹಾರಾಟದ ಪ್ರದೇಶಗಳು ಎಲ್ಲವೂ ಬಾಯಿಪಾಠವಾಗಿರಬೇಕು. ಕೊನೆಗೆ ಪರೀಕ್ಷಕರು ಬರೆಹ, ಮೌಖಿಕ ಮತ್ತು ಪ್ರಾಯೋಗಿಕವಾಗಿ ಪರೀಕ್ಷಿಸಿದ ಮೇಲೆ ರೇಟಿಂಗ್ ದೊರೆಯುತ್ತದೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮಗಳ ಪ್ರಕಾರ ರೇಟಿಂಗ್‌ಗಳು ಆರು ಬಗೆ: ಏರೊಡ್ರೋಮ್ ನಿಯಂತ್ರಣ, ಅಪ್ರೋಚ್‌ನಲ್ಲಿ ಪ್ರೊಸೀಜರಲ್, ಸರ್ವೇಲೆನ್ಸ್ ಮತ್ತು ನಿಖರ ರೇಡಾರ್, ಏರಿಯಾದಲ್ಲಿ ಪ್ರೊಸೀಜರಲ್ ಮತ್ತು ಸರ್ವೇಲೆನ್ಸ್. ನಿಯಂತ್ರಕರು ಸಾಮಾನ್ಯವಾಗಿ ಗೋಪುರದಿಂದ ಆರಂಭಿಸಿ, ವರ್ಷಗಳ ಅಂತರದಲ್ಲಿ, ಮತ್ತೆ ತರಬೇತಿ ಪಡೆದು ಒಂದೊಂದನ್ನೇ ಗಳಿಸುತ್ತಾರೆ. ಗಳಿಸಿದ್ದು ಶಾಶ್ವತವೂ ಅಲ್ಲ. ಪರವಾನಗಿ ಪ್ರಾಧಿಕಾರ ನಿಗದಿಪಡಿಸಿದ, ಆರು ತಿಂಗಳಿಗೆ ಮೀರದ ಅವಧಿಯವರೆಗೆ ಆ ಸ್ಥಾನದಲ್ಲಿ ಕೆಲಸ ಮಾಡದಿದ್ದರೆ ರೇಟಿಂಗ್ ಊರ್ಜಿತದಲ್ಲಿರುವುದಿಲ್ಲ. ದೀರ್ಘ ಅನಾರೋಗ್ಯ ಅಥವಾ ಹೆರಿಗೆ ರಜೆಯಿಂದ ಮರಳಿದವರು ಪುನಃ ಅಭ್ಯಾಸ ಮಾಡಿ ಸಾಮರ್ಥ್ಯವನ್ನು ತೋರಿಸಬೇಕಾಗುತ್ತದೆ. ಭಾರತದಲ್ಲಿ ಹಿಂದೆ ರೇಟಿಂಗ್ ವ್ಯವಸ್ಥೆ ಪ್ರಾಧಿಕಾರದೊಳಗೆಯೇ ಇತ್ತು. ಈಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನಿಯಂತ್ರಕರಿಗೆ ಪರವಾನಗಿ ನೀಡುತ್ತದೆ. ತಪ್ಪು ನಡೆದಾಗ ಅದನ್ನು ಅಮಾನತಿನಲ್ಲಿಡುವ ಅಧಿಕಾರವೂ ಅದಕ್ಕಿದೆ.

ಭಾಷೆ

ರೇಡಿಯೊದಲ್ಲಿ ಬಳಕೆಯಾಗುವುದು ಇಂಗ್ಲಿಷ್. ಕನ್ನಡ ಮಾಧ್ಯಮದಲ್ಲಿ ಓದಿದವರು ಇದರಿಂದ ಅಳುಕುವುದಿದೆ. ಆದರೆ ಇಲ್ಲಿ ಬೇಕಾಗಿರುವುದು ಸಾಹಿತ್ಯದ ಇಂಗ್ಲಿಷ್ ಅಲ್ಲ. ನಿಗದಿತ ಅರ್ಥವುಳ್ಳ ಕೆಲವು ನೂರು ಪದಗುಚ್ಛಗಳು ಇದ್ದಂತೆಯೇ ಬಳಕೆಯಾಗುತ್ತವೆ. ಅಕ್ಷರಗಳನ್ನು ಆಲ್ಫಾ, ಬ್ರಾವೊ, ಚಾರ್ಲಿ ಎಂದು ಹೇಳುತ್ತಾರೆ. ಅಂಕಿಗಳಲ್ಲಿ ಗೊಂದಲ ಬಾರದಿರಲೆಂದು ಒಂಬತ್ತನ್ನು ‘ನೈನರ್’ ಎನ್ನುತ್ತಾರೆ. ಪೈಲಟ್ ತಾನು ಕೇಳಿಸಿಕೊಂಡ ಮುಖ್ಯ ನಿರ್ದೇಶನವನ್ನು ಮರಳಿ ಒಪ್ಪಿಸಬೇಕು. ಆ ಒಪ್ಪಿಸುವಿಕೆಯಲ್ಲಿ ತಪ್ಪಿದ್ದರೆ ಹಿಡಿಯುವುದು ನಿಯಂತ್ರಕನ ಕರ್ತವ್ಯ. ತನ್ನ ಬಾಯಿಂದ ಸರಿಯಾಗಿ ಹೇಳಿದರಷ್ಟೇ ಸಾಲದು, ಎದುರಿನವನು ಸರಿಯಾಗಿ ಕೇಳಿಸಿಕೊಂಡನೆಂದು ಖಚಿತಪಡಿಸಿಕೊಳ್ಳಬೇಕು.

ಈ ಕಟ್ಟುನಿಟ್ಟಿನ ಹಿಂದೆ ದುರಂತಗಳಿವೆ. 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ತೆನೆರೀಫ್‌ನಲ್ಲಿ ಮಂಜು ಕವಿದ ರನ್‌ವೇಯ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಮಂದಿ ಸತ್ತರು. ಒಂದು ವಿಮಾನದ ಕ್ಯಾಪ್ಟನ್ ಅನುಮತಿ ದೊರೆಯಿತೆಂದು ಭಾವಿಸಿ ಓಟ ಆರಂಭಿಸಿದ್ದ. ಅಂದಿನಿಂದ ‘ಟೇಕ್-ಆಫ್’ ಎಂಬ ಪದವನ್ನು ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಉಚ್ಚರಿಸಬೇಕು, ಉಳಿದೆಡೆ ‘ಡಿಪಾರ್ಚರ್’ ಎನ್ನಬೇಕು ಎಂಬ ಕ್ರಮ ಬಂದಿತು. ಇಂಗ್ಲಿಷ್ ಸಾಮರ್ಥ್ಯಕ್ಕೆ ಅಂತರರಾಷ್ಟ್ರೀಯವಾಗಿ ಆರು ಹಂತಗಳಿದ್ದು, ನಾಲ್ಕನೆಯ ಹಂತ ಕನಿಷ್ಠ ಅರ್ಹತೆ. ಆ ಹಂತದಲ್ಲಿರುವವರು 3 ವರ್ಷಗಳಿಗೊಮ್ಮೆ, ಐದನೆಯದರಲ್ಲಿರುವವರು 6 ವರ್ಷಗಳಿಗೊಮ್ಮೆ ಪುನಃ ಪರೀಕ್ಷೆಗೆ ಒಳಗಾಗಬೇಕೆಂಬ ಶಿಫಾರಸು ಇದೆ.

ಹೊಣೆಗಾರಿಕೆ

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಅರೇಬಿಯದ ಬೋಯಿಂಗ್ 747 ಮತ್ತು ಕಜಕಸ್ತಾನದ ಇಲ್ಯುಶಿನ್-76 ಆಕಾಶದಲ್ಲಿ ಡಿಕ್ಕಿಯಾಗಿ 349 ಮಂದಿ ಪ್ರಾಣ ಕಳೆದುಕೊಂಡರು. ದೆಹಲಿಯ ನಿಯಂತ್ರಕ ಒಂದಕ್ಕೆ 14,000, ಇನ್ನೊಂದಕ್ಕೆ 15,000 ಅಡಿ ಎತ್ತರ ನಿಗದಿಪಡಿಸಿದ್ದಲ್ಲದೆ, ಎದುರಿನಿಂದ ವಿಮಾನ ಬರುತ್ತಿದೆ ಎಂದೂ ತಿಳಿಸಿದ್ದರು. ಕಜಕ್ ವಿಮಾನ ತನಗೆ ನಿಗದಿಯಾದ ಎತ್ತರಕ್ಕಿಂತ ಕೆಳಗಿಳಿದಿತ್ತು ಎಂದು ನ್ಯಾಯಮೂರ್ತಿ ಆರ್. ಸಿ. ಲಾಹೋಟಿ ಅವರ ವಿಚಾರಣಾ ಆಯೋಗ ನಿರ್ಣಯಿಸಿತು. ಆಗ ದೆಹಲಿಯಲ್ಲಿ ವಿಮಾನದ ಎತ್ತರವನ್ನು ತೋರಿಸುವ ಸೆಕೆಂಡರಿ ರೇಡಾರ್ ಬಳಕೆಯಲ್ಲಿರಲಿಲ್ಲ. ಬರುವ ಮತ್ತು ಹೋಗುವ ವಿಮಾನಗಳಿಗೆ ಒಂದೇ ಮಾರ್ಗವಿತ್ತು. ಈ ದುರಂತದ ಬಳಿಕ ಭಾರತದಲ್ಲಿ ಡಿಕ್ಕಿ ತಪ್ಪಿಸುವ ಉಪಕರಣವನ್ನು ವಿಮಾನಗಳಲ್ಲಿ ಕಡ್ಡಾಯ ಮಾಡಲಾಯಿತು, ಏರುವ ಮತ್ತು ಇಳಿಯುವ ಮಾರ್ಗಗಳನ್ನು ಬೇರ್ಪಡಿಸಲಾಯಿತು.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ನಡೆದದ್ದು ಇದಕ್ಕಿಂತ ಭಿನ್ನ. ಅಂದು ಮೊದಲು ಉತ್ತರದ ರನ್‌ವೇಯಿಂದ ವಿಮಾನಗಳು ಏರುತ್ತಿದ್ದವು, ದಕ್ಷಿಣದ ರನ್‌ವೇಯಲ್ಲಿ ಇಳಿಯುತ್ತಿದ್ದವು. ಒಂದೇ ರನ್‌ವೇ ಬಳಸುವ ತೀರ್ಮಾನವಾದದ್ದು ದಕ್ಷಿಣ ಗೋಪುರದ ನಿಯಂತ್ರಕರಿಗೆ ತಿಳಿಯಲಿಲ್ಲ. ಪರಿಣಾಮವಾಗಿ ಕೋಲ್ಕತ್ತಕ್ಕೆ ಮತ್ತು ಭುವನೇಶ್ವರಕ್ಕೆ ಹೊರಟ ಎರಡು ವಿಮಾನಗಳು ಸಮಾನಾಂತರ ರನ್‌ವೇಗಳಿಂದ ಏಕಕಾಲಕ್ಕೆ ಏರಿ ಒಂದನ್ನೊಂದು ಸಮೀಪಿಸತೊಡಗಿದವು. ಅಪ್ರೋಚ್ ರೇಡಾರ್‌ನ ನಿಯಂತ್ರಕರು ಪರದೆಯಲ್ಲಿ ಇದನ್ನು ಕಂಡೊಡನೆ ಎರಡಕ್ಕೂ ಬೇರೆ ಬೇರೆ ದಿಕ್ಕು ಹೇಳಿ ಅನಾಹುತ ತಪ್ಪಿಸಿದರು. ಒಂದು ಮಾತು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ತಲುಪದೆ ಅಪಾಯ ಹುಟ್ಟಿತು. ಇನ್ನೊಬ್ಬರ ಕಣ್ಣು ಪರದೆಯ ಮೇಲಿದ್ದುದರಿಂದ ಅದು ತಪ್ಪಿತು. ಪಾಳಿ ಬದಲಾಗುವಾಗ ಮತ್ತು ಸ್ಥಾನ ಬದಲಾಗುವಾಗ ಪರಿಸ್ಥಿತಿಯನ್ನು ಪೂರ್ಣವಾಗಿ ಒಪ್ಪಿಸುವುದಕ್ಕೆ ತರಬೇತಿಯಲ್ಲಿ ಅಷ್ಟು ಒತ್ತು ಕೊಡುವುದು ಈ ಕಾರಣದಿಂದ.

ಪಾಳಿ ಮತ್ತು ಆಯಾಸ

ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಪಾಳಿಗಳು ಸುತ್ತುತ್ತವೆ. ದೀಪಾವಳಿ, ಯುಗಾದಿಗಳೆಂದು ಆಕಾಶಕ್ಕೆ ಬಾಗಿಲು ಹಾಕಲಾಗುವುದಿಲ್ಲ. ಹಬ್ಬದ ದಿನಗಳಲ್ಲಿ ಸಂಚಾರ ಇನ್ನೂ ಹೆಚ್ಚು. ನಿರಂತರವಾಗಿ ಪರದೆಯ ಮುಂದೆ ಕೂರಿಸದೆ ನಡುನಡುವೆ ವಿರಾಮ ನೀಡುವುದು ವೃತ್ತಿಯ ಅನಿವಾರ್ಯ ಕ್ರಮ. ಇದನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದಕ್ಕೆ 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಬಳಿ ನಡೆದ ಅಪಘಾತ ಉದಾಹರಣೆ. ಜ್ಯೂರಿಕ್ ಕೇಂದ್ರದಲ್ಲಿ ಒಬ್ಬರೇ ನಿಯಂತ್ರಕರು ಎರಡು ಸ್ಥಾನಗಳನ್ನು ನಿಭಾಯಿಸುತ್ತಿದ್ದರು, ಜೊತೆಯವರು ವಿಶ್ರಾಂತಿಯಲ್ಲಿದ್ದರು, ದುರಸ್ತಿಯ ಕಾರಣ ದೂರವಾಣಿ ಮತ್ತು ಎಚ್ಚರಿಕೆಯ ವ್ಯವಸ್ಥೆಗಳು ಪೂರ್ಣವಾಗಿ ಕೆಲಸ ಮಾಡುತ್ತಿರಲಿಲ್ಲ. ಎರಡು ವಿಮಾನಗಳು ಡಿಕ್ಕಿಯಾಗಿ 71 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ರಷ್ಯಾದ ಶಾಲಾ ಮಕ್ಕಳು. ಮಡದಿ ಮಕ್ಕಳನ್ನು ಕಳೆದುಕೊಂಡ ಒಬ್ಬಾತ 2004ರಲ್ಲಿ ಆ ನಿಯಂತ್ರಕರನ್ನು ಅವರ ಮನೆಯ ಬಳಿಯೇ ಕೊಂದ. ತನಿಖೆಯು ವ್ಯವಸ್ಥೆಯ ಲೋಪಗಳನ್ನು ಎತ್ತಿ ತೋರಿಸಿದ್ದರೂ ಒಬ್ಬ ಮನುಷ್ಯ ಅದರ ಬೆಲೆ ತೆತ್ತಿದ್ದ.

ನಿಯಂತ್ರಕರ ಆಯಾಸ ನಿರ್ವಹಣೆಗೆ ದೇಶಗಳು ನಿಯಮ ರೂಪಿಸಬೇಕೆಂಬ ಅಂತರರಾಷ್ಟ್ರೀಯ ನಿಬಂಧನೆ 2020ರ ನವೆಂಬರ್‌ನಿಂದ ಅನ್ವಯವಾಯಿತು. ಭಾರತದಲ್ಲಿಯೂ ಕರ್ತವ್ಯದ ಅವಧಿ ಮತ್ತು ವಿಶ್ರಾಂತಿಗೆ ಮಹಾನಿರ್ದೇಶನಾಲಯದ ನಿಯಮಗಳಿವೆ. ಆದರೆ ಸಿಬ್ಬಂದಿಯ ಕೊರತೆ ಇರುವಲ್ಲಿ ನಿಯಮ ಪಾಲನೆ ಕಷ್ಟ. 2025ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯು ವಿಮಾನಯಾನ ಸುರಕ್ಷತೆಯ ಕುರಿತ ವರದಿಯಲ್ಲಿ ನಿಯಂತ್ರಕರ ಕೊರತೆ ಮತ್ತು ಕೆಲಸದ ಹೊರೆಯ ಬಗ್ಗೆ ಕಳವಳ ವ್ಯಕ್ತಪಡಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಹಾರಾಟ ಯೋಜನೆಗಳನ್ನು ರವಾನಿಸುವ ಗಣಕ ವ್ಯವಸ್ಥೆ ಕೆಟ್ಟಾಗ ಆ ಮಾಹಿತಿಯನ್ನು ನಿಯಂತ್ರಕರು ಕೈಯಾರೆ ಸಿದ್ಧಪಡಿಸಬೇಕಾಯಿತು. ನೂರಾರು ವಿಮಾನಗಳು ತಡವಾದವು.

ವೇತನ, ಬಡ್ತಿ, ವರ್ಗಾವಣೆ

ಜೂನಿಯರ್ ಎಕ್ಸಿಕ್ಯುಟಿವ್ ಹುದ್ದೆಯ ವೇತನ ಶ್ರೇಣಿ 40,000ದಿಂದ 1,40,000 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಮುಂತಾದ ಭತ್ಯೆಗಳು ಇದರ ಮೇಲೆ ಸೇರುತ್ತವೆ. ರೇಟಿಂಗ್ ಪಡೆದವರಿಗೆ ಪ್ರತ್ಯೇಕ ಭತ್ಯೆಯಿದೆ. ಸಹಾಯಕ ವ್ಯವಸ್ಥಾಪಕ, ವ್ಯವಸ್ಥಾಪಕ, ಹಿರಿಯ ವ್ಯವಸ್ಥಾಪಕ ಎಂದು ಬಡ್ತಿ ಸಾಗುತ್ತದೆ. ನಿವೃತ್ತಿ ವಯಸ್ಸು 60.

ವರ್ಗಾವಣೆ ದೇಶದ ಯಾವ ಭಾಗಕ್ಕಾದರೂ ಆಗಬಹುದು. ಬ್ಯಾಂಕ್ ನೌಕರ ಹೊಸ ಊರಿಗೆ ಹೋದ ಮಾರನೆಯ ದಿನವೇ ತನ್ನ ಕೆಲಸ ಆರಂಭಿಸಬಲ್ಲ. ಹದಿನೈದು ವರ್ಷ ಗೋಪುರದಲ್ಲಿ ದುಡಿದ ನಿಯಂತ್ರಕ ಹೊಸ ನಿಲ್ದಾಣದಲ್ಲಿ ತನಗಿಂತ ಕಿರಿಯರ ಪಕ್ಕದಲ್ಲಿ ಕುಳಿತು ಕಲಿಯಬೇಕು. ಬೇರೆ ದೇಶಕ್ಕೆ ಹೋಗುವವರಿಗೂ ಇದೇ ನಿಯಮ. ಈ ಕೌಶಲಕ್ಕೆ ವಿಮಾನಯಾನದ ಹೊರಗೆ ನೇರವಾದ ಬೇಡಿಕೆಯೂ ಇಲ್ಲ. ನಡುವಯಸ್ಸಿನಲ್ಲಿ ವೈದ್ಯಕೀಯ ಅರ್ಹತೆ ಕಳೆದುಕೊಂಡವರು ನಿಯಂತ್ರಣದ ಸ್ಥಾನದಿಂದ ಹಿಂದೆ ಸರಿಯಬೇಕಾಗುತ್ತದೆ. ನೌಕರಿ ಉಳಿಯಬಹುದಾದರೂ ವೃತ್ತಿ ಅಲ್ಲಿಗೆ ನಿಲ್ಲುತ್ತದೆ.

ಅಂತರ್ಜಾಲದಲ್ಲಿ ಕಾಣುವ ಅಮೆರಿಕದ ಮಾಹಿತಿಯನ್ನು ಭಾರತಕ್ಕೆ ಅನ್ವಯಿಸಲಾಗದು. ಅಲ್ಲಿ ಹೊಸಬರು 31 ವರ್ಷ ತುಂಬುವ ಮೊದಲು ಅರ್ಜಿ ಸಲ್ಲಿಸಬೇಕು, ಸಾಮಾನ್ಯವಾಗಿ 56ಕ್ಕೆ ಕಡ್ಡಾಯ ನಿವೃತ್ತಿ. 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ನಿಯಂತ್ರಕರನ್ನು ಅಧ್ಯಕ್ಷ ರೊನಾಲ್ಡ್ ರೇಗನ್ ವಜಾ ಮಾಡಿದರು. ಆ ತೆರವನ್ನು ತುಂಬಲು ವರ್ಷಗಳೇ ಹಿಡಿದವು.

ಕರ್ನಾಟಕದಲ್ಲಿ

ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾಧಿಕಾರದ ನಿಯಂತ್ರಕರು ಕೆಲಸ ಮಾಡುತ್ತಾರೆ. ಬೀದರಿನಲ್ಲಿ ನಿಯಂತ್ರಣ ವಾಯುಪಡೆಯದು. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದಲ್ಲಿ ಹಿಂದೂಸ್ಥಾನ್ ಏರೊನಾಟಿಕ್ಸ್ ಸಂಸ್ಥೆಯೇ ತನ್ನ ನಿಯಂತ್ರಕರನ್ನು ಹೊಂದಿದೆ. ದೇವನಹಳ್ಳಿಯ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಿಂದ ಎರಡನೆಯ ರನ್‌ವೇ ಬಳಕೆಗೆ ಬಂದ ಮೇಲೆ ಗೋಪುರದ ಕೆಲಸ ಇನ್ನಷ್ಟು ಸಂಕೀರ್ಣವಾಗಿದೆ. ಮಂಗಳೂರಿನ ಬಜ್ಪೆ ನಿಲ್ದಾಣ ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ್ದು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಸತ್ತರು. ಅಸ್ಥಿರವಾಗಿದ್ದ ಇಳಿಯುವಿಕೆಯನ್ನು ಕ್ಯಾಪ್ಟನ್ ಕೈಬಿಡದಿದ್ದುದೇ ಕಾರಣವೆಂದು ವಿಚಾರಣೆ ಹೇಳಿತು. ಅಂದು ಮಂಗಳೂರಿನ ರೇಡಾರ್ ಎರಡು ದಿನಗಳಿಂದ ಕೆಟ್ಟಿದ್ದುದರಿಂದ ನಿಯಂತ್ರಕರು ಪ್ರೊಸೀಜರಲ್ ಕ್ರಮದಲ್ಲಿ ಅಂತರ ಕಾಯುತ್ತಿದ್ದರು, ವಿಮಾನ ಕೆಳಗಿಳಿಯಲು ಆರಂಭಿಸಿದ್ದು ತಡವಾಗಿತ್ತು ಎಂಬುದೂ ವರದಿಯಲ್ಲಿ ದಾಖಲಾಗಿದೆ.